ಊರಿನ ನಿವೇಶನ: ಸಂಚಕಾರ ಕೊಡುವ ಮೊದಲು

ಮುಂಬಯಿಗೆ ಬಂದು ದುಡಿಯುವ ನಮ್ಮ ಬಾಂಧವರಲ್ಲಿ ಬಹುಮಂದಿಗೆ ಒಂದು ಆಶೆ ಇದ್ದೇ ಇರುತ್ತದೆ. ಊರ ಕಡೆ ಒಂದು ತುಂಡು ಜಾಗ, ಅದರಲ್ಲಿ ಎರಡು ಕೋಣೆಯ ಸ್ವಂತ ಮನೆ. ಅದಕ್ಕಾಗಿ ಭವಿಷ್ಯನಿಧಿಯ ಹಣ, ಚೀಟಿಯ ಹಣ, ಮನೆಯಾಕೆಯ ಬಳೆ ಎಲ್ಲವೂ ಒಟ್ಟುಗೂಡುತ್ತವೆ. ರಜೆಯಾದರೋ ವರ್ಷಕ್ಕೆ ಹತ್ತು ಹದಿನೈದು ದಿನ. ಅಷ್ಟರಲ್ಲೇ ಜಾಗ ನೋಡಬೇಕು, ಮಾತು ಮುಗಿಸಬೇಕು, ರಜಿಸ್ಟರ್ ಮಾಡಿಸಬೇಕು, ಮರಳಿ ಗಾಡಿ ಹತ್ತಬೇಕು. ಕೊಳ್ಳುವವನ ಈ ಅವಸರ ದಲ್ಲಾಳಿಗೆ ಚೆನ್ನಾಗಿ ಗೊತ್ತಿರುತ್ತದೆ. ‘ನಾಳೆ ಬೇರೆ ಗಿರಾಕಿ ಬರುತ್ತಾರೆ, ಇಂದೇ ಸಂಚಕಾರ ಕೊಡಿ’ ಎಂಬ ಮಾತು ಹುಟ್ಟುವುದು ಆಗಲೇ.

ಎಚ್ಚರಿಕೆ ಹೇಳಿದರೆ ಬರುವ ಉತ್ತರವೂ ಸಾಮಾನ್ಯವಾಗಿ ಒಂದೇ: ‘ರಜಿಸ್ಟರ್ ಆಗುತ್ತದಲ್ಲ, ಮತ್ತೇನು ಭಯ?’ ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯದೆ ಇಡೀ ದುಡಿಮೆಯನ್ನೇ ಕಳೆದುಕೊಳ್ಳುವ ಸಂಭವವಿರುವುದರಿಂದ ಅದನ್ನು ಇಲ್ಲಿ ವಿವರಿಸಿದ್ದೇವೆ.

ರಜಿಸ್ಟರ್ ಆದ ಮಾತ್ರಕ್ಕೆ

1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ನೋಂದಾಯಿತ ಕ್ರಯಪತ್ರದ ಮೂಲಕವೇ ಮಾರಾಟವಾಗಬೇಕು. ಆದುದರಿಂದ ನೋಂದಣಿ ಅವಶ್ಯ. ಆದರೆ ಮಾರುವವನು ನಿಜವಾದ ಒಡೆಯನೇ ಅಲ್ಲವೇ ಎಂದು ತೀರ್ಮಾನಿಸುವುದು ಉಪನೋಂದಣಿ ಅಧಿಕಾರಿಯ ಕೆಲಸವಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಈ ಮಾತನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಮುದ್ರಾಂಕ ಶುಲ್ಕ ಸರಿಯಾಗಿದ್ದು, ಬರೆದುಕೊಟ್ಟವರು ಒಪ್ಪಿ ಸಹಿ ಮಾಡಿದರೆ ಪತ್ರ ದಾಖಲಾಗುತ್ತದೆ. ಮಾರುವವನಲ್ಲಿ ಎಷ್ಟು ಹಕ್ಕಿತ್ತೋ ಅಷ್ಟೇ ಕೊಳ್ಳುವವನಿಗೆ ಬರುತ್ತದೆ. ಅವನಲ್ಲಿ ಏನೂ ಇರದಿದ್ದರೆ ಕೊಂಡವನ ಕೈಗೆ ಸಿಕ್ಕುವುದು ಛಾಪಾ ಕಾಗದ ಮಾತ್ರ.

ಕ್ರಯಪತ್ರವಿಲ್ಲದೆ ಬರೀ ಕರಾರು, ಮುಖತ್ಯಾರ ಪತ್ರಗಳ ಮೇಲೆ ಜಾಗ ‘ಕೊಳ್ಳುವ’ ರೂಢಿಯೂ ಉಂಟು. ಖರ್ಚು ಕಡಿಮೆಯೆಂದು ಹಲವರು ಒಪ್ಪುತ್ತಾರೆ. ಇಂಥ ವ್ಯವಹಾರದಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರ ಅಕ್ಟೋಬರ್‌ನಲ್ಲೇ ತೀರ್ಪಿತ್ತಿದೆ. ಕರಾರು ಮಾಡಿಕೊಂಡು ವರ್ಷಗಟ್ಟಲೆ ಸುಮ್ಮನಿರುವುದೂ ಅಪಾಯವೇ. ಗೊತ್ತುಮಾಡಿದ ದಿನದಿಂದ, ದಿನ ಗೊತ್ತುಮಾಡದಿದ್ದರೆ ಎದುರಿನವರು ‘ಕೊಡುವುದಿಲ್ಲ’ ಎಂದುದು ತಿಳಿದಂದಿನಿಂದ, 3 ವರ್ಷದೊಳಗೆ ದಾವೆ ಹಾಕದಿದ್ದರೆ ಕ್ರಯಪತ್ರ ಮಾಡಿಸಿಕೊಳ್ಳುವ ದಾರಿ ಮುಚ್ಚುತ್ತದೆ.

ಜಾಗ ಯಾರದು?

ಮೊದಲು ನೋಡತಕ್ಕದ್ದು ಪಹಣಿ. ಬೆಳಗಾವಿ, ಧಾರವಾಡದ ಕಡೆ ಇದನ್ನು ಉತಾರವೆನ್ನುತ್ತಾರೆ. ಇಲ್ಲಿ ಮುಂಬಯಿಯಲ್ಲಿ ನಾವು ಕೇಳುವ ‘ಸಾತ್‌ಬಾರಾ’ ಇದೇ ಜಾತಿಯದು. ಕರ್ನಾಟಕದ ಪಹಣಿಯನ್ನು ‘ಭೂಮಿ’ ಜಾಲತಾಣದಲ್ಲಿ ಮುಂಬಯಿಯಿಂದಲೇ ನೋಡಬಹುದು. 9ನೆಯ ಕಲಮಿನಲ್ಲಿ ಸ್ವಾಧೀನದಾರರ ಹೆಸರು, 11ನೆಯದರಲ್ಲಿ ಇತರರ ಹಕ್ಕು, ಬ್ಯಾಂಕು ಅಥವಾ ಸೊಸೈಟಿಯ ಸಾಲ ಇರುತ್ತವೆ. ಬಹುಮಂದಿ 9ನ್ನು ಓದಿ 11ನ್ನು ಬಿಡುತ್ತಾರೆ. ಪಹಣಿ, ಖಾತೆ, ತೆರಿಗೆ ಕಟ್ಟಿದ ರಸೀದಿ ಇವು ಒಡೆತನಕ್ಕೆ ಪೂರಕವಾದ ದಾಖಲೆಗಳೇ ಹೊರತು ತಾವೇ ಒಡೆತನವಲ್ಲ. ಮಾರುವವನಿಗೆ ಜಾಗ ಹೇಗೆ ಬಂತು ಎಂಬ ಮೂಲಪತ್ರಗಳನ್ನೂ ನೋಡಲೇಬೇಕು.

ಎರಡನೆಯದು ಋಣಭಾರ ಪತ್ರ, ಅಂದರೆ ಇ.ಸಿ. ಇದಕ್ಕೆ ‘ಕಾವೇರಿ’ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇರದಿದ್ದರೆ ನಮೂನೆ 16 ಬರುತ್ತದೆ. ವಕೀಲರು ಸಾಮಾನ್ಯವಾಗಿ 30 ವರ್ಷದ್ದನ್ನು ಕೇಳುತ್ತಾರೆ. ಆದರೆ ಇ.ಸಿ. ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ನೋಂದಣಿಯಾಗದ ಮರಣಶಾಸನ, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿರುವ ದಾವೆ ಇವು ಅದರಲ್ಲಿ ಕಾಣಬೇಕೆಂದಿಲ್ಲ.

ಮೂರನೆಯದು ಮಾರುವವರ ವಂಶವೃಕ್ಷ. ‘ಅಣ್ಣತಮ್ಮಂದಿರೆಲ್ಲ ಸಹಿ ಹಾಕುತ್ತಾರೆ’ ಎಂದರೆ ಈಗ ಸಾಲದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ತಂದೆ ಆ ದಿನ ಬದುಕಿರಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಿಭಾಗ, ಮಾರಾಟಗಳಿಗೆ ಮಾತ್ರ ಇದು ತಗಲುವುದಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರ ಸಹಿಯಿಲ್ಲದೆ ಕೊಂಡ ಜಾಗದ ಮೇಲೆ ಮುಂದೆ ಪಾಲಿನ ದಾವೆ ಬಂದರೆ ಕೊಂಡವನೂ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ.

ಇನ್ನೆರಡು ಬಗೆಯ ಭೂಮಿಯ ವಿಷಯದಲ್ಲಿ ವಿಶೇಷ ಜಾಗ್ರತೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವುದನ್ನು ಕರ್ನಾಟಕದ 1978ರ ಕಾಯಿದೆ ನಿಷೇಧಿಸಿದೆ. ಹಾಗೆ ಕೊಂಡರೆ ಭೂಮಿ ಮರಳಿ ಮೂಲ ಮಂಜೂರುದಾರರಿಗೆ ಹೋಗುತ್ತದೆ. ಬಹುಕಾಲ ಕಳೆಯಿತೆಂಬ ನೆವ ಅಡ್ಡಬಾರದಂತೆ ಕಾಯಿದೆಯನ್ನು 2023ರಲ್ಲಿ ತಿದ್ದಲಾಗಿದೆ. ಭೂಮಿಯಿಲ್ಲದವರ ರಕ್ಷಣೆಗಾಗಿ ಬಂದ ನ್ಯಾಯವಾದ ಕಾಯಿದೆ ಇದು. ತಿಳಿದು ದೂರವಿರಬೇಕಾದವರು ಕೊಳ್ಳುವವರು. ಇನ್ನೊಂದು ದಕ್ಷಿಣ ಕನ್ನಡ, ಉಡುಪಿ ಕಡೆಯ ಕುಮ್ಕಿ. ಅದು ಸರಕಾರಿ ಭೂಮಿ. ಪಕ್ಕದ ವರ್ಗಭೂಮಿಯವರಿಗೆ ಸೊಪ್ಪು, ಸೌದೆ ಮೊದಲಾದ ಅನುಕೂಲ ಮಾತ್ರ ಉಂಟು. ‘ಅರ್ಧ ಎಕ್ರೆ’ ಎಂದು ತೋರಿಸಿದ ಜಾಗದಲ್ಲಿ ವರ್ಗ ಎಷ್ಟು, ಕುಮ್ಕಿ ಎಷ್ಟು ಎಂದು ಬಿಡಿಸಿ ಕೇಳಿರಿ.

ಅಲ್ಲಿ ಮನೆ ಕಟ್ಟಬಹುದೇ?

ಜಾಗ ಮಾರುವವನದೇ ಎಂದು ಖಚಿತವಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಬೆಳೆಯುವ ಪಟ್ಟಣಗಳಿಗೆ ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಮೇರೆಗೆ ಮಹಾಯೋಜನೆಯ ನಕ್ಷೆ ಸಿದ್ಧವಾಗುತ್ತದೆ. ಯಾವ ಭಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ, ಯಾವುದು ಕಾರಖಾನೆಗೆ, ಯಾವುದು ಕೃಷಿಗೆ ಎಂದು ಅದರಲ್ಲಿ ಬಣ್ಣ ತುಂಬಿರುತ್ತಾರೆ. ಸಾಮಾನ್ಯವಾಗಿ ಹಳದಿ ವಾಸದ ವಲಯ, ನೀಲಿ ವ್ಯಾಪಾರದ್ದು, ನೇರಳೆ ಕೈಗಾರಿಕೆಯದು, ಹಸಿರು ಉದ್ಯಾನ, ಬಯಲುಗಳದು. ಮುಂದೆ ಆಗಲಿರುವ ರಸ್ತೆಗಳೂ ಗೆರೆಯಾಗಿ ಕಾಣುತ್ತವೆ. ನಿಮ್ಮ ನಿವೇಶನ ಉದ್ಯಾನದಲ್ಲೋ ರಸ್ತೆಯ ಗೆರೆಯ ಮೇಲೋ ಬಿದ್ದಿದ್ದರೆ ಎಷ್ಟು ಶುದ್ಧವಾದ ಕ್ರಯಪತ್ರವಿದ್ದರೂ ಮನೆ ಕಟ್ಟಲು ಪರವಾನಿಗೆ ಸಿಕ್ಕದು. ಕಡಲ ದಂಡೆಯಲ್ಲೂ ಉಪ್ಪುನೀರು ಏರುವ ಹೊಳೆಯ ದಂಡೆಯಲ್ಲೂ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳು ಬೇರೆ.

ಕೃಷಿ ಭೂಮಿಯಲ್ಲಿ ಮನೆ ಕಟ್ಟಲು 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಭೂಪರಿವರ್ತನೆ ಆಗಬೇಕು. ಉತ್ತರ ಕರ್ನಾಟಕದಲ್ಲಿ ಜನ ‘ಎನ್.ಎ.’, ‘ಬಿನಶೇತ್ಕಿ’ ಎನ್ನುವುದು ಇದನ್ನೇ. ಈಚಿನ ತಿದ್ದುಪಡಿಗಳಿಂದ ಪರಿವರ್ತನೆಯ ಕ್ರಮ ಸುಲಭವಾಗಿದೆ ನಿಜ. ಆದರೆ ಮಹಾಯೋಜನೆಯ ವಲಯಕ್ಕೆ ಅದು ಒಪ್ಪಲೇಬೇಕು. ಪರಿವರ್ತನೆಯಾದ ಮೇಲೂ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ರಸ್ತೆ, ಚರಂಡಿ, ಉದ್ಯಾನಕ್ಕೆ ಜಾಗ ಬಿಟ್ಟಿದ್ದಾರೆಯೇ ಎಂದು ಆಗ ಪರಿಶೀಲಿಸುತ್ತಾರೆ. ಇವೆರಡೂ ಇಲ್ಲದೆ ಹೊಲವನ್ನು ಸುಣ್ಣದ ಗೆರೆ ಎಳೆದು ತುಂಡು ಮಾಡಿ ಮಾರುವುದೇ ‘ರೆವಿನ್ಯೂ ಸೈಟು’. ಬೆಲೆ ಅಗ್ಗ, ಆದರೆ ನೀರು, ರಸ್ತೆ, ಪರವಾನಿಗೆ, ಬ್ಯಾಂಕಿನ ಸಾಲ ಇವುಗಳಲ್ಲಿ ಯಾವುದಕ್ಕೂ ಭರವಸೆಯಿಲ್ಲ. ಅಗ್ಗಕ್ಕೆ ಕಾರಣವೇ ಅದು.

ಅಳತೆಯನ್ನೂ ಲೆಕ್ಕಹಾಕಿ ನೋಡಿರಿ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಕರಾವಳಿಯ ಒಂದು ಸೆಂಟ್ಸ್ 435.6 ಚದರ ಅಡಿ. 30ಕ್ಕೆ 40ರ ನಿವೇಶನ 1,200 ಚದರ ಅಡಿಯಾಗುವುದರಿಂದ ಅದು ಒಂದು ಗುಂಟೆಯಲ್ಲಿ ಹಿಡಿಸದು. ‘ಒಂದು ಗುಂಟೆಯ ಥರ್ಟಿ ಫಾರ್ಟಿ’ ಎನ್ನುವವರ ಲೆಕ್ಕ ಅಲ್ಲಿಗೇ ತಪ್ಪಿತು. ಒಂದು ಸರ್ವೆ ನಂಬರಿನ ಕೃಷಿ ಭೂಮಿಯಲ್ಲಿ ಒಂದು ಭಾಗವನ್ನು ಮಾತ್ರ ಮಾರುವುದಾದರೆ ಮೋಜಣಿಯವರ 11-ಇ ನಕ್ಷೆ ಕೇಳಿರಿ.

500 ಚದರ ಮೀಟರಿಗಿಂತ ದೊಡ್ಡದಾದ ಹೊಸ ಬಡಾವಣೆಗಳು, 8ಕ್ಕಿಂತ ಹೆಚ್ಚು ಮನೆಗಳ ಕಟ್ಟಡಗಳು ಸಾಮಾನ್ಯವಾಗಿ 2016ರ ರೇರಾ ಕಾಯಿದೆಯಲ್ಲಿ ನೋಂದಣಿಯಾಗಿರಬೇಕು. ಇದರಂತೆ ನೋಂದಾಯಿತ ಕರಾರು ಆಗದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರನು ಪಡೆಯುವಂತಿಲ್ಲ. ಬದ್ಲಾಪುರ, ವಿರಾರ್ ಕಡೆ ಹೊಸ ಕಟ್ಟಡದಲ್ಲಿ ಮನೆ ಕೊಳ್ಳುವ ನಮ್ಮವರಿಗೂ ಇದೇ ನಿಯಮ ಅನ್ವಯಿಸುತ್ತದೆ.

ದೂರದಲ್ಲಿರುವವರ ಹಣ ಮತ್ತು ಸಹಿ

ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಚಕಾರವನ್ನು ನಗದಾಗಿ ಪಡೆಯುವುದಕ್ಕೆ 2015ರ ಜೂನ್‌ನಿಂದ ಆದಾಯ ತೆರಿಗೆ ಕಾನೂನಿನ ತಡೆಯಿದೆ. ಬ್ಯಾಂಕಿನ ಮೂಲಕವೇ ಕೊಡಿರಿ. ಜಗಳ ಬಂದರೆ ಬ್ಯಾಂಕಿನ ಲೆಕ್ಕ ಸಾಕ್ಷಿ ಹೇಳುತ್ತದೆ. ರಜೆ ಸಿಕ್ಕದೆ ಊರಿನ ಬಂಧುವಿಗೆ ಮುಖತ್ಯಾರ ಪತ್ರ ಕೊಡಬೇಕಾದರೆ ನೋಟರಿಯ ಮೊಹರು ಮಾತ್ರ ಸಾಲದು. ನಿಮ್ಮ ಪರವಾಗಿ ಪತ್ರವನ್ನು ನೋಂದಣಿಗೆ ಹಾಜರುಪಡಿಸಲು, ನೀವು ವಾಸಿಸುವ ಜಿಲ್ಲೆಯ ಉಪನೋಂದಣಿ ಅಧಿಕಾರಿಯ ಮುಂದೆ ಸಹಿ ಮಾಡಿ ದೃಢೀಕರಿಸಿದ ಮುಖತ್ಯಾರ ಪತ್ರ ಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆ ಒಂದು ನಿವೇಶನ, ಆ ಒಂದು ಕೆಲಸಕ್ಕೆ ಮಾತ್ರ ಅಧಿಕಾರ ಕೊಡಿರಿ. ಮಾರುವ, ಅಡವಿಡುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಡಿರಿ.

ವಕೀಲರ ಸಲಹೆ ಧರ್ಮಾರ್ಥವಾಗಿ ಸಿಕ್ಕೀತೇ?

‘ಇಷ್ಟೆಲ್ಲ ನೋಡಿಸಲು ವಕೀಲರ ಫೀ ಎಲ್ಲಿಂದ ತರೋಣ?’ ಎಂದು ಕೇಳುವವರು ಉಂಟು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಅವರಿಗಾಗಿಯೇ ಇದೆ. ಕೋರ್ಟಿನ ಮೊಕದ್ದಮೆ ನಡೆಸುವುದಷ್ಟೇ ಅದರ ಕೆಲಸವೆಂದು ಜನ ತಿಳಿದಿದ್ದಾರೆ. ಯಾವುದೇ ಕಾನೂನಿನ ವಿಷಯದಲ್ಲಿ ಸಲಹೆ ಕೊಡುವುದೂ ‘ಕಾನೂನು ಸೇವೆ’ಯೇ ಎಂದು ಆ ಕಾಯಿದೆಯಲ್ಲೇ ಬರೆದಿದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕೆಲಸಗಾರರು ಇವರ ಅರ್ಹತೆಗೆ ಆದಾಯದ ಮಿತಿಯನ್ನು ಕಾಯಿದೆ ಹಾಕಿಲ್ಲ. ಉಳಿದವರಿಗೆ ಆಯಾ ರಾಜ್ಯ ಗೊತ್ತುಮಾಡಿದ ಆದಾಯದ ಮಿತಿಯುಂಟು. ಅಂದಮೇಲೆ ಕಾರಖಾನೆಯ ಕೆಲಸಗಾರನೂ, ನಿವೇಶನ ತನ್ನ ಹೆಸರಿಗೆ ಆಗಲಿರುವ ಅವನ ಹೆಂಡತಿಯೂ ಈ ನೆರವನ್ನು ಹಕ್ಕಿನಿಂದ ಕೇಳಬಹುದು. ಊರಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ದೂರದಿಂದ ವಿಚಾರಿಸಲು 15100 ಎಂಬ ದೂರವಾಣಿ ಸಂಖ್ಯೆಯಿದೆ.

ಸಲಹೆ ಕೇಳುವಾಗ ಮಾರುವವರ ಕಡೆಯವರಲ್ಲದ ವಕೀಲರನ್ನೇ ಹಿಡಿಯಬೇಕು. ದಲ್ಲಾಳಿಯೇ ಕರೆದುತಂದ ವಕೀಲರು ಎಷ್ಟು ಸಜ್ಜನರಾದರೂ ಅವರ ಕಕ್ಷಿಗಾರ ನೀವಲ್ಲ. ಅಭಿಪ್ರಾಯವನ್ನು ಬರೆವಣಿಗೆಯಲ್ಲಿ ಕೇಳಿರಿ.

ಒಟ್ಟಿನಲ್ಲಿ ನಾವು ಹೇಳುವುದಿಷ್ಟು. ಒಂದು ರಜೆಯಲ್ಲಿ ಕಾಗದಗಳನ್ನು ಕೂಡಿಸಿರಿ. ಹಣ ಕೊಡುವುದು ಮುಂದಿನ ರಜೆಗಿರಲಿ. ಪಹಣಿ, ಇ.ಸಿ., ಮೂಲಪತ್ರ, ವಂಶವೃಕ್ಷ, ಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ ಈ ಆರರ ಪ್ರತಿಗಳನ್ನು ತಂದು, ನಡುವಿನ ತಿಂಗಳುಗಳಲ್ಲಿ ತಿಳಿದವರಿಗೆ ತೋರಿಸಿರಿ. ಪ್ರತಿ ಕೊಡಲು ಹಿಂಜರಿಯುವವನ ಜಾಗ ಬೇಡ. ಅಷ್ಟರಲ್ಲಿ ಅದು ಬೇರೆಯವರ ಪಾಲಾದರೆ ಇನ್ನೊಂದು ಜಾಗ ಸಿಕ್ಕೀತು. ಇಪ್ಪತ್ತು ವರ್ಷ ಪರಸ್ಥಳದಲ್ಲಿ ದುಡಿದ ಹಣ ಕೈಬಿಟ್ಟುಹೋದರೆ ಅದನ್ನು ಮತ್ತೆ ದುಡಿಯಲು ಇನ್ನಿಪ್ಪತ್ತು ವರ್ಷ ಯಾರಲ್ಲಿಯೂ ಇರುವುದಿಲ್ಲ.