ನಡುಕಕ್ಕೆ ಮಾತ್ರೆ, ಮಂಕಿಗೆ ಬುದ್ಧಿವಾದ?

“ಇಂಥ ಕಾಯಿಲೆ ಬಂದಮೇಲೆ ಬೇಜಾರಾಗದೆ ಇರುತ್ತಾ?” ಪಾರ್ಕಿನ್ಸನ್ ಇರುವವರ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಸರಿಯೆನ್ನಿಸುವ ಮಾತೇ, ಅದಕ್ಕೇ ಅಪಾಯ. ಎಷ್ಟೋ ಜನರಿಗೆ ಕೈ ನಡುಗುವ ವರ್ಷಗಳ ಮೊದಲೇ ಖಿನ್ನತೆ ಬಂದಿರುತ್ತದೆ. ಇದೆಯೆಂದೇ ಗೊತ್ತಿಲ್ಲದ ಕಾಯಿಲೆಗೆ ಯಾರು ಕೊರಗುತ್ತಾರೆ? ಈ ರೋಗ ಡೋಪಮಿನ್ ಕೋಶಗಳ ಜೊತೆಗೆ, ಮನಸ್ಸಿನ ಹದ ಕಾಯುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಕೋಶಗಳನ್ನೂ ಸವೆಸುತ್ತದೆ. ಕೊರಗೂ ಇರುತ್ತದೆ, ಆದರೆ ಅದೊಂದೇ ಕಾರಣವಲ್ಲ. ಸುಮಾರು ಮೂವರಲ್ಲಿ ಒಬ್ಬರನ್ನು ಕಾಡುವ ಈ ಖಿನ್ನತೆ ‘ಧೈರ್ಯ ತಗೊಳ್ಳಿ’ ಎಂದರೆ ಹೋಗುವಂಥದ್ದಲ್ಲ.

ಮುಖ ನೋಡಿದರೇ ತಿಳಿಯುತ್ತದೆ ಎಂಬುದು ಇನ್ನೊಂದು ನಂಬಿಕೆ. ಪಾರ್ಕಿನ್ಸನ್‌ನಲ್ಲಿ ಮುಖದ ಸ್ನಾಯುಗಳು ಬಿಗಿಯುತ್ತವೆ, ದನಿ ತಗ್ಗುತ್ತದೆ. ಮೊಮ್ಮಗಳು ಕೊರಳಿಗೆ ಜೋತುಬಿದ್ದಾಗ ಅಜ್ಜನ ಒಳಗೆ ಖುಷಿ ಉಕ್ಕಿದರೂ ತುಟಿಯಂಚು ಅಲುಗದು. “ಅಜ್ಜ ಸಿಟ್ಟಾಗಿದ್ದಾರೆ” ಎಂದು ಮಗು ಇಳಿದುಹೋಗುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು: ನಿಜಕ್ಕೂ ಖಿನ್ನರಾದವರನ್ನು ‘ಕಾಯಿಲೆಯೇ ಹಾಗೆ’ ಎಂದು ಬಿಟ್ಟುಬಿಡುತ್ತಾರೆ. ನಿದ್ದೆಗೇಡು, ನಿಧಾನ, ಸುಸ್ತು ಖಿನ್ನತೆ, ಪಾರ್ಕಿನ್ಸನ್ ಎರಡರಲ್ಲೂ ಇರುವುದರಿಂದ ವೈದ್ಯರಿಗೂ ಇದು ತೊಡಕೇ. ಆದ್ದರಿಂದ ಕೇಳಬೇಕು. ಇಷ್ಟಪಡುತ್ತಿದ್ದ ಹಾಡು, ಹರಟೆ ಈಗ ರುಚಿಸುತ್ತಿಲ್ಲವೇ? ಬದುಕೇ ಸಾಕೆನ್ನಿಸಿದೆಯೇ? (ಹೌದೆಂದರೆ ತಡಮಾಡದೆ ವೈದ್ಯರಲ್ಲಿಗೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.) ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೇ ಮನಸ್ಸು ಕುಸಿಯುತ್ತದೆಯೇ? ಹಾಗಿದ್ದರೆ ಆ ಹೊತ್ತನ್ನು ಬರೆದಿಡಿ. ಮಾತ್ರೆಯ ವೇಳೆ ಬದಲಿಸಿದರೇ ಕೆಲವರು ಚೇತರಿಸಿಕೊಳ್ಳುತ್ತಾರೆ.

“ಈಗಲೇ ಹಿಡಿ ಮಾತ್ರೆ ನುಂಗ್ತಿದ್ದಾರೆ, ಖಿನ್ನತೆಗೆ ಇನ್ನೊಂದು ಸೇರಿದರೆ ನಡುಕ ಹೆಚ್ಚುತ್ತೆ, ಚಟವೂ ಹತ್ತುತ್ತೆ.” ಚಟ ಹತ್ತುವುದಿಲ್ಲ, ಆದರೆ ತಾವಾಗಿ ದಿಢೀರನೆ ನಿಲ್ಲಿಸಬಾರದು. ನಡುಕ ಕೆಲವರಿಗೆ ತುಸು ಹೆಚ್ಚಬಹುದು, ಆಗ ಔಷಧಿ ಬದಲಿಸುತ್ತಾರೆ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ಯಾರಾಕ್ಸೆಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಎರಡೂ ಹುಸಿ ಮಾತ್ರೆಗಿಂತ ಖಿನ್ನತೆಯನ್ನು ಹೆಚ್ಚು ತಗ್ಗಿಸಿದವು, ಚಲನೆಯನ್ನು ಕೆಡಿಸಲಿಲ್ಲ. ಗುಣ ಕಾಣಲು ಕೆಲವು ವಾರ ಬೇಕು, ಹತ್ತು ದಿನಕ್ಕೇ ಕೈಬಿಡಬಾರದು. ಯೋಚನೆಯ ಜಾಡು ತಿದ್ದುವ ಸಿಬಿಟಿ ಸಮಾಲೋಚನೆಯೂ ಫಲ ಕೊಟ್ಟಿದೆ.

ಭಯಪಡಬೇಕಾದದ್ದು ಬೇರೆ ಕಡೆ. ಪಾರ್ಕಿನ್ಸನ್‌ಗೆಂದು ರಸಾಜಿಲಿನ್, ಸೆಲಿಜಿಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮನೋವೈದ್ಯರಿಗೆ ಹೇಳಲೇಬೇಕು. ಕೆಲವು ಖಿನ್ನತೆಯ ಔಷಧಿಗಳೊಡನೆ ಅವು ಅಪರೂಪಕ್ಕೆ ಗಂಭೀರವಾಗಿ ತಿಕ್ಕಾಡುತ್ತವೆ. ಇನ್ನು, ಬೇಜಾರಿಗೆಂದು ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತರುವ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಓದಿ. ಮೆಲಿಟ್ರಾಸಿನ್ ಜೊತೆ ಫ್ಲುಪೆಂಟಿಕ್ಸಾಲ್ ಎಂದಿದ್ದರೆ ನುಂಗುವ ಮೊದಲು ನರರೋಗ ತಜ್ಞರಿಗೆ ತೋರಿಸಿ: ಫ್ಲುಪೆಂಟಿಕ್ಸಾಲ್ ಡೋಪಮಿನ್ನಿಗೇ ತಡೆಯೊಡ್ಡುವ ಔಷಧಿ, ಪಾರ್ಕಿನ್ಸನ್ ಉಲ್ಬಣಿಸಬಹುದು.