ಪರೀಕ್ಷೆಗೆ ಮುನ್ನ ಪ್ರತಿಜ್ಞೆ

ವಿಜ್ಞಾನದಲ್ಲಿ ಒಂದು ಮಾತು ಸತ್ಯವೆನಿಸಲು ಹೇಳಿದವರ ಹಿರಿಮೆ ಸಾಲದು. ಬೇರೊಬ್ಬರು ಬೇರೊಂದೆಡೆ ಅದೇ ವಿಧಾನದಿಂದ ಪರೀಕ್ಷಿಸಿದಾಗಲೂ ಅದೇ ಫಲ ದೊರೆಯಬೇಕು. ಈ ಗುಣಕ್ಕೆ ಪುನರಾವರ್ತನೀಯತೆ ಎಂದು ಹೆಸರು.

ಇದರ ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ದಂಡೋತಿ, ಸೇಡಂ, ವಾಡಿ, ಶಹಾಬಾದಗಳ ಸೀಮೆಯು ಸುಣ್ಣಕಲ್ಲಿಗೂ ಸಿಮೆಂಟಿಗೂ ಹೆಸರಾದುದು. ಸಿಮೆಂಟಿನ ಬಲವನ್ನು ಅಳೆಯುವ ಬಗೆಯನ್ನು ಭಾರತೀಯ ಮಾನಕವು ಮೊದಲೇ ಗೊತ್ತುಪಡಿಸಿದೆ. ತೂಕದಲ್ಲಿ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು; ಆ ಮರಳೂ ಹಳ್ಳದ ಮರಳಲ್ಲ, ತಮಿಳುನಾಡಿನ ಎಣ್ಣೂರಿನ ಪ್ರಮಾಣಿತ ಮರಳು. ಅಚ್ಚಿನಲ್ಲಿ ಎರೆದ ಘನಗಳನ್ನು ನೀರಿನಲ್ಲಿಟ್ಟು 28 ದಿನಗಳಾದ ಮೇಲೆ ಒತ್ತಿ ನೋಡುತ್ತಾರೆ. 43ರ ದರ್ಜೆಯ ಸಿಮೆಂಟು ಅಂದು ಚದರ ಮಿಲಿಮೀಟರಿಗೆ 43 ನ್ಯೂಟನ್ನಿಗೆ ಕಡಿಮೆಯಿಲ್ಲದ ಒತ್ತಡವನ್ನು ತಾಳಬೇಕು. ಅಂದು ಸೋತು, 40ನೆಯ ದಿನದ ಫಲವನ್ನು ತೋರಿಸಿ ಗೆದ್ದೆನೆನ್ನುವಂತಿಲ್ಲ.

ಮನುಷ್ಯರ ಮೇಲಿನ ಔಷಧಪರೀಕ್ಷೆಗಳಲ್ಲಿ ಈ ಕಟ್ಟು ಬಹುಕಾಲ ಸಡಿಲವಾಗಿತ್ತು. ಸಂಶೋಧಕನು ರಕ್ತದೊತ್ತಡ, ನೋವು, ನಿದ್ರೆ, ಆಯುಸ್ಸು ಎಂದು ಹಲವನ್ನು ಅಳೆದು, ಅನುಕೂಲವಾದ ಒಂದನ್ನೇ ತನ್ನ ಮೂಲ ಗುರಿಯೆಂದು ಪ್ರಕಟಿಸಬಹುದಾಗಿತ್ತು. ಹಲವು ಅಳತೆಗಳಲ್ಲಿ ಒಂದಾದರೂ ಬರಿಯ ಆಕಸ್ಮಿಕದಿಂದ ಅನುಕೂಲವಾಗಿ ಕಾಣುವುದು ಸಹಜ. ಹೀಗೆ ಸುಳ್ಳು ಹೇಳದೆಯೂ ಅಸತ್ಯ ಹರಡುತ್ತದೆ. ಅದರ ಬೆಲೆಯನ್ನು ತೆರುವವನು ರೋಗಿ.

ಇದಕ್ಕೆ ಕಂಡುಕೊಂಡ ಪರಿಹಾರವೇ ಪೂರ್ವನೋಂದಣಿ. ಯಾರನ್ನು, ಎಷ್ಟು ಜನರನ್ನು, ಯಾವ ಅಳತೆಯಿಂದ ಪರೀಕ್ಷಿಸುವೆವೆಂಬುದನ್ನು ಮೊದಲ ವ್ಯಕ್ತಿ ಸೇರುವ ಮುನ್ನವೇ ಸಾರ್ವಜನಿಕವಾಗಿ ದಾಖಲಿಸಬೇಕು. ಭಾರತದಲ್ಲಿ ಇಂಥ ನೋಂದಣಿ ಪುಸ್ತಕವು 2007ರ ಜುಲೈ 20ರಂದು ಆರಂಭವಾಯಿತು; 2009ರ ಜೂನ್ 15ರಿಂದ ಔಷಧ ನಿಯಂತ್ರಣಾಧಿಕಾರಿಗಳು ಅದನ್ನು ಕಡ್ಡಾಯಗೊಳಿಸಿದರು.

ಇದರ ಪರಿಣಾಮವೇನು? ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ನೆರವಿನಿಂದ ನಡೆದ ದೊಡ್ಡ ಪರೀಕ್ಷೆಗಳ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅಲ್ಲಿ ಸಾರ್ವಜನಿಕ ನೋಂದಣಿ ಬಂದದ್ದು 2000ದಲ್ಲಿ. ಅದಕ್ಕೆ ಹಿಂದಿನ 30 ಪರೀಕ್ಷೆಗಳಲ್ಲಿ 17 ಚಿಕಿತ್ಸೆಯ ಗುಣವನ್ನು ತೋರಿದ್ದರೆ, ಅನಂತರದ 25ರಲ್ಲಿ ತೋರಿದವು ಎರಡೇ. ಈ ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಗುರಿಯನ್ನು ಮೊದಲೇ ಹೇಳಬೇಕಾಗಿ ಬಂದಾಗ ಗೆಲುವು ಸುಲಭವಲ್ಲವೆಂಬುದು ಸ್ಪಷ್ಟ.

ಪೂರ್ವನೋಂದಣಿಯು ಅನಿರೀಕ್ಷಿತ ಶೋಧಕ್ಕೆ ಅಡ್ಡಿಯಲ್ಲ. ಅಂಥದು ಕಂಡರೆ ಅನಿರೀಕ್ಷಿತವೆಂದೇ ಹೇಳಿ, ಮರುಪರೀಕ್ಷೆಗೆ ಒಡ್ಡಬೇಕು. ಪಾಠಾಂತರಗಳನ್ನು ಆರಿಸುವ ನಿಯಮವನ್ನು ಪೀಠಿಕೆಯಲ್ಲಿ ತಿಳಿಸಿ, ಬಿಟ್ಟ ಪಾಠಗಳನ್ನು ಅಡಿಯಲ್ಲಿ ಕೊಡುವ ಗ್ರಂಥಸಂಪಾದಕನ ಶಿಸ್ತನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗೆ ಇದು ಹೊಸದೇನಲ್ಲ. ಬಿಟ್ಟದ್ದನ್ನೂ ತೋರಿಸಿದಾಗಲೇ ಉಳಿಸಿಕೊಂಡದ್ದಕ್ಕೆ ಪ್ರಾಮಾಣ್ಯ ಬರುತ್ತದೆ.