ಎರಡು ಮಣುಕದಷ್ಟು ರಾಡಿ

ತಿಕೋಟಾ ಕಡೆಯ ದ್ರಾಕ್ಷಿಯ ತಿಳಿರಸ. ತಂದ ದಿನ ಬಾಟ್ಲಿಯ ಆಚೆ ಕೈ ಹಿಡಿದರೆ ಬೆರಳು ಎಣಿಸಬಹುದಿತ್ತು. ಫ್ರಿಜ್ಜಿನಲ್ಲಿ ವಾರ ಇಟ್ಟು ತೆಗೆದರೆ ರಾಡಿ. ಮನೆಯಲ್ಲಿ ಒಂದೇ ತೀರ್ಪು: "ಕೆಟ್ಟೈತಿ, ಚೆಲ್ಲು." ಚೆಲ್ಲುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಮಬ್ಬಿನ ಒಂದು ಕಣ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. ಅಂಥವು ಒಂದು ಗ್ರಾಂನಲ್ಲಿ 1.8 ಲಕ್ಷ ಕೋಟಿ. ಭೂಮಿಯ 800 ಕೋಟಿ ಜನರಿಗೆ ಹಂಚಿದರೂ ತಲೆಗೆ ಇನ್ನೂರರ ಮೇಲೆ. ಗ್ರಾಂ ಅಂದರೆ ಎಷ್ಟು? ಹೆಚ್ಚುಕಡಿಮೆ ಎರಡು ಮಣುಕ, ಅದೇ ಒಣದ್ರಾಕ್ಷಿ!

ತಾನಾಗಿ ತಳಕ್ಕೆ ಇಳಿದೀತು ಅಂತ ಕಾಯುತ್ತೀರಾ? ಈ ಕಣ ಇಳಿಯುವುದು ದಿನಕ್ಕೆ ಒಂದೂವರೆ ಮಿಲಿಮೀಟರ್. 20 ಸೆಂಟಿಮೀಟರ್ ಬಾಟ್ಲಿಗೆ ನಾಲ್ಕು ತಿಂಗಳು. ಕಣವನ್ನು ಸಾಸಿವೆ ಕಾಳಿನಷ್ಟು ಹಿಗ್ಗಿಸಿದರೆ ಬಾಟ್ಲಿಯ ಎತ್ತರ 400 ಮೀಟರ್ ಆದೀತು. 51 ಮೀಟರಿನ ಗೋಳಗುಮ್ಮಟವನ್ನು ಒಂದರ ಮೇಲೊಂದು ಎಂಟು ಸಲ ಇಟ್ಟಷ್ಟು. ಕಣ ಹತ್ತು ಪಟ್ಟು ಸಣ್ಣದಾದರೆ ವೇಗ ನೂರು ಪಟ್ಟು ಕಡಿಮೆ, ಲೆಕ್ಕದಲ್ಲಿ 35 ವರ್ಷ. ಅಷ್ಟು ಸಣ್ಣದನ್ನು ನೀರಿನ ಅಣುಗಳೇ ಅತ್ತಿತ್ತ ದೂಡುತ್ತ ತಳ ಕಾಣಲು ಬಿಡುವುದಿಲ್ಲ ಅನ್ನುವುದು ಬೇರೆ ಮಾತು. ಕಣಗಳನ್ನು ತೇಲಿಸಿಡುವ ಅಂಟು ಪೆಕ್ಟಿನ್. ಅದಕ್ಕೇ ಕಾರ್ಖಾನೆಯವರು ಪೆಕ್ಟಿನೇಸ್ ಹಾಕಿ ಅಂಟು ಮುರಿಯುತ್ತಾರೆ. ಕಣಗಳು ಗುಂಪುಗೂಡಿ ಹತ್ತು ಪಟ್ಟು ದಪ್ಪವಾದರೆ ನಾಲ್ಕು ತಿಂಗಳ ದಾರಿ ಒಂದೂಕಾಲು ದಿನದ್ದು.

ಇಷ್ಟಾದರೂ ಫ್ರಿಜ್ಜಿನಲ್ಲಿ ಮಬ್ಬು ಏಕೆ? ತಣ್ಣಗಾದಾಗ ಟ್ಯಾನಿನ್ನೂ ಪ್ರೋಟೀನೂ ಕೈಹಿಡಿದುಕೊಳ್ಳುತ್ತವೆ. ಜೊತೆಗೆ ದ್ರಾಕ್ಷಿಯದೇ ಒಂದು ಉಪ್ಪಿದೆ: ಕುದಿವ ನೀರಿನ ಲೀಟರಿಗೆ 60 ಗ್ರಾಂ ಕರಗುತ್ತದೆ, 20 ಡಿಗ್ರಿಯಲ್ಲಿ ಆರೂ ಇಲ್ಲ. ತಳದಲ್ಲಿ ಮಿನುಗುವ ಹರಳು ಅದೇ, ಗಾಜಿನ ಚೂರಲ್ಲ. ಬಬಲೇಶ್ವರದ ದಾಳಿಂಬೆಯದು ಇನ್ನೂ ಬಿಗಿ ಲೆಕ್ಕ. ಸಿಪ್ಪೆಸಮೇತ ಹಿಂಡಿದರೆ ಬರುವ ಟ್ಯಾನಿನ್ ಮೆಲ್ಲಗೆ ಒಡೆದು ಎಲ್ಯಾಜಿಕ್ ಆಮ್ಲವಾಗುತ್ತದೆ. ನೀರು ಅದನ್ನು ಲೀಟರಿಗೆ ಸುಮಾರು 10 ಮಿಲಿಗ್ರಾಂ ಮಾತ್ರ ತಾಳುತ್ತದೆ. ಮಿಕ್ಕದ್ದೆಲ್ಲ ಗಸಿ.

ಇವು ಯಾವುವೂ ಕೆಟ್ಟಿದ್ದರ ಗುರುತಲ್ಲ. ಅಂಜಬೇಕಾದದ್ದು ಯೀಸ್ಟಿಗೆ. ಕಾಯಿಸುವಾಗ ಒಂದೇ ಒಂದು ಜೀವಕೋಶ ಉಳಿದು, ನಮ್ಮ ವಿಜಯಪುರದ ಸೆಕೆಯಲ್ಲಿ ಎರಡು ತಾಸಿಗೊಮ್ಮೆ ದುಪ್ಪಟ್ಟಾಯಿತು ಅನ್ನಿ: 60 ತಾಸಿಗೆ 107 ಕೋಟಿ. ಲೀಟರ್ ಬಾಟ್ಲಿ ಮಬ್ಬಾಗಲು ಅಷ್ಟು ಸಾಕು.

ಮುಚ್ಚಳ ತೆಗೆದಾಗ ಬುಸ್ ಅಂದರೆ, ಮೂಗಿಗೆ ಹುಳಿ ಹೊಡೆದರೆ ಚೆಲ್ಲಿ. ಇಲ್ಲದಿದ್ದರೆ ಒಂದು ಲೋಟ ಬಗ್ಗಿಸಿ ಬಿಸಿನೀರಿನಲ್ಲಿಡಿ. ತಿಳಿಯಾಯಿತೋ, ಅದು ಬರೀ ತಣ್ಣನೆಯ ಮಬ್ಬು.